ತಮ್ಮನ ಮಗನ ಜೊತೆ ಹರಿಯಬ್ಬೆಗೆ

ನಾನು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಾಗ ಒಂದು ಸಂಸ್ಥೆಯವರು ಬಂದು ಹೊಸ ಕೆಲಸ ಹಚ್ಚಿದರು. ಬಾಣಂತಿಯನ್ನು ನೋಡಲು ಊರೆಲ್ಲ ಹೋಗುತ್ತದೆ, ಮಗುವಿನ ಅಪ್ಪನನ್ನು ಮಾತನಾಡಿಸುವವರು ಯಾರೂ ಇಲ್ಲ. ಚೊಚ್ಚಲ ಮಗುವಿನ ಅಪ್ಪಂದಿರನ್ನು ಒಬ್ಬೊಬ್ಬರನ್ನೇ ಕಂಡು ಅವರ ಜೊತೆಗಿರಿ ಎಂದರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಇದೂ ಒಂದು ಕೆಲಸವೇ ಎಂದು ನಕ್ಕಿದ್ದೆ. ಆಮೇಲೆ ಅದರ ಹುಚ್ಚೇ ಹಿಡಿಯಿತು.

ನಾಲ್ಕು ಜನರ ಎದುರು ಈ ಮಾತು ಎತ್ತುವಂತಿಲ್ಲ. ಅವನು ಕೆಲಸ ಮಾಡುವ ಜಾಗಕ್ಕೇ ಹೋಗಬೇಕು. ಕಡಲೆಕಾಯಿ ಬಿಡಿಸುತ್ತಿದ್ದರೆ ಪಕ್ಕದಲ್ಲಿ ಕುಳಿತು ನಾವೂ ಬಿಡಿಸಬೇಕು. ಮಗುವಿನ ವಿಷಯ ಅವನ ಬಾಯಿಂದಲೇ ಬರುವವರೆಗೆ ಮಳೆ, ಬಸ್ಸು, ಸಂತೆ ಎಂದು ಹರಟುತ್ತಿರಬೇಕು. ಬಂದಿತೋ, ಒಂದು ಸೋರೆಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ ಅವನ ಕೈಗೆ ಕೊಡುತ್ತಿದ್ದೆ. ಇದು ತಲೆ, ಇದು ಕತ್ತು, ಇಲ್ಲಿ ಅಂಗೈ ಕೊಡು ಎನ್ನುತ್ತಿದ್ದೆ. ಮೂಟೆ ಹೊರುವ ಹುಡುಗರು ಸೋರೆಕಾಯಿ ಹಿಡಿದು ಬೆವರುತ್ತಿದ್ದರು! ವಾರ ಕಳೆದು ಅದೇ ಹುಡುಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಾಗ ನನಗೆ ಕುಣಿಯುವಂತಾಗುತ್ತಿತ್ತು.

ಆ ದಿನಗಳಲ್ಲೇ ನನ್ನ ತಮ್ಮನ ಮಗ ಅಪ್ಪನಾದ. ಜವನಗೊಂಡನಹಳ್ಳಿಯ ಹೈವೇ ಪಕ್ಕದಲ್ಲಿ ಅವನದು ಪಂಕ್ಚರ್ ಅಂಗಡಿ. ಹೆಂಡತಿ ಬಾಣಂತನಕ್ಕೆ ಹರಿಯಬ್ಬೆಯ ತವರಿನಲ್ಲಿದ್ದಳು. ಅಳಿಯನಾದವನು ಹೆಸರಿಡುವ ದಿನ ಹೋಗಿ, ಜಗಲಿಯ ಮೇಲೆ ಕುಳಿತು, ಹೆಂಗಸರು ಹೊಸ್ತಿಲಿಗೆ ತಂದು ತೋರಿಸಿದ ಮಗುವನ್ನು ನೋಡಿ, ಉಂಡು ಬರುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಅವನು ಇನ್ನೂ ಹೋಗದಿದ್ದುದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಕಂಡಿದ್ದು ಅವನ ಹೆಂಡತಿಗೆ ಮಾತ್ರ. ಹೆಸರಿಡುವುದರೊಳಗೆ ಬಂದು ಮಗುವನ್ನು ಎತ್ತಿಕೊಳ್ಳದಿದ್ದರೆ ತಾನು ತಿರುಗಿ ಗಂಡನ ಮನೆಗೆ ಬರುವುದಿಲ್ಲ ಎಂದು ಹೇಳಿಕಳಿಸಿದಳು. ಹಠದ ಹುಡುಗಿ, ಹೇಳಿದಂತೆ ಮಾಡುವವಳೇ.

ನಾನು ಅಂಗಡಿಗೆ ಹೋದಾಗ ಅವನು ಲಾರಿಯ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ನನ್ನ ಚೀಲ ನೋಡಿದವನೇ, “ಏನತ್ತೆ, ನಂಗೂ ಸೋರೆಕಾಯಿ ಕೊಡಾಕೆ ಬಂದ್ಯಾ?” ಎಂದ. ಹೋಬಳಿಯ ಹುಡುಗರೆಲ್ಲ ನನ್ನನ್ನು ಸೋರೆಕಾಯಿ ಅತ್ತೆ ಎಂದೇ ಆಡಿಕೊಳ್ಳುತ್ತಿದ್ದರು. ಬಸ್ಸು ಕಾಯುತ್ತಿದ್ದೇನೆ ಎಂದು ಹೇಳಿ ಹಳೇ ಟೈರಿನ ಮೇಲೆ ಕುಳಿತೆ.

ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ ಅವನೇ ಹೇಳಿದ. “ನಮ್ಮಪ್ಪ ನನ್ನ ಒಂದಿನನೂ ಎತ್ಕಂಡೋನಲ್ಲ. ನಾನೂ ಅವನಂಗೇ ಇರ್ಬೋದು ಅತ್ತೆ. ಮಗು ನೋಡಿ ನಂಗೇನೂ ಅನ್ಸದಿದ್ರೆ?”

ಚೀಲಕ್ಕೆ ಹಾಕಿದ್ದ ಕೈ ಹಾಗೇ ನಿಂತಿತು. ಬೇರೆ ಯಾವ ಹುಡುಗನಿಗೂ ಹೇಳದ ನನ್ನ ಕಥೆಯನ್ನು ಇವನಿಗೆ ಹೇಳದೆ ಬೇರೆ ದಾರಿ ಇರಲಿಲ್ಲ.

“ಎತ್ಕಂಡಿದ್ದ ಕಣಪ್ಪ,” ಎಂದೆ. “ಇಳಿಸ್ದೋಳು ನಾನು.”

ಇವನು ಹುಟ್ಟಿದ ಸುದ್ದಿ ತಿಳಿದಾಗ ನನ್ನ ತಮ್ಮ ಕುರಿ ಹಿಂಡಿನ ಜೊತೆ ದೂರದಲ್ಲಿದ್ದ. ಹಿಂಡನ್ನು ಜೊತೆಯವರಿಗೆ ಒಪ್ಪಿಸಿ, ಮೈಮೇಲಿನ ಧೂಳೂ ಕೊಡವದೆ ನೇರ ಬೀಗರ ಮನೆಗೆ ಬಂದ. ಜಗಲಿಯಲ್ಲಿ ಕೂರಲೂ ಇಲ್ಲ. ಆಗತಾನೆ ಹುಟ್ಟಿದ ಮರಿಯನ್ನು ಕುರಿಗಾರರು ಹೇಗೆ ಎದೆಯ ಮೇಲೆ ಕಂಬಳಿಯ ಮಡಿಕೆಯಲ್ಲಿಟ್ಟು ಕೆಳಗೆ ಅಂಗೈ ಕೊಡುತ್ತಾರೋ, ಹಾಗೇ ಮಗುವನ್ನು ಎತ್ತಿಕೊಂಡ. ಅಳುತ್ತಿದ್ದ ಮಗು ಸುಮ್ಮನಾಯಿತು. ಅಷ್ಟು ಚೆನ್ನಾಗಿ ಮಗು ಹಿಡಿದ ಗಂಡಸನ್ನು ನಾನು ಮತ್ತೆ ನೋಡಿಲ್ಲ. ಆದರೆ ಹೆಂಗಸರ ನಡುವೆ ಕುಳಿತಿದ್ದ ನಾನು ಎಲ್ಲರಿಗೂ ಕೇಳುವಂತೆ, “ಲೇ, ಕುರಿಮರಿ ಅನ್ಕಂಡಿಯೇನಲೇ? ಹಿಂದೆ ಬಾಲ ಐತೇನು ನೋಡು,” ಎಂದೆ. ಮನೆ ತುಂಬ ನಗೆ. ಅಷ್ಟು ಜನರನ್ನು ನಗಿಸಿದೆ ಎಂದು ನಾನು ಬೀಗಿದೆ. ಅವನು ಮಗುವನ್ನು ಮೆಲ್ಲಗೆ ಕೆಳಗೆ ಮಲಗಿಸಿ, ಊಟಕ್ಕೂ ನಿಲ್ಲದೆ ಹೋದ. ಮತ್ತೆಂದೂ ಎತ್ತಿಕೊಳ್ಳಲಿಲ್ಲ. ಮುಂದೆ ಊರಿನವರು ಅವನನ್ನು ಕಲ್ಲಿನಂಥವನು ಎಂದಾಗಲೆಲ್ಲ ನಾನೂ ಹೌದೆಂದು ತಲೆಯಾಡಿಸಿದೆ. ನನ್ನನ್ನು ಈಗಲೂ ಸುಡುವುದು ಆ ತಲೆಯಾಡಿಸಿದ್ದೇ.

ಹುಡುಗನ ಕೈ ನೀರಿನಲ್ಲೇ ಇತ್ತು. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಎಂದ. ಹೇಳುವ ಧೈರ್ಯವಿರಲಿಲ್ಲ ಎಂದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತೇನೋ, ಬೈಯಲಿಲ್ಲ. ಟ್ಯೂಬನ್ನು ಹೊರಗೆಳೆದು, ಲಾರಿಯ ಡ್ರೈವರು ಬೆರಗಾಗುವಷ್ಟು ಬೇಗ ಪ್ಯಾಚು ಹಾಕಿ, ಚಕ್ರ ಜೋಡಿಸಿ, ಅಂಗಡಿಯ ಬಾಗಿಲು ಎಳೆದ. “ಏಳು, ಹೋಗಾಣ.”

ಹಿರಿಯೂರಿನವರೆಗೆ ಅವನು ಬೇರೆ ಸೀಟಿನಲ್ಲಿ ಕುಳಿತ. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸೋಪು ಕೊಂಡು ನಲ್ಲಿಯ ಕೆಳಗೆ ಉಗುರುಗಳ ಗ್ರೀಸನ್ನು ಉಜ್ಜಿದ್ದೇ ಉಜ್ಜಿದ್ದು. ಹರಿಯಬ್ಬೆ ಕಡೆ ಹೋಗುವ ಧರ್ಮಪುರದ ಬಸ್ಸು ಹೊರಟ ಮೇಲೆ ನನ್ನ ಚೀಲಕ್ಕೆ ಕೈ ಹಾಕಿ, ಸೋರೆಕಾಯಿ ತೆಗೆದು, ಟವೆಲ್ಲು ಹೊದಿಸಿ ತೊಡೆಯ ಮೇಲಿಟ್ಟುಕೊಂಡ. ಹಳ್ಳದಲ್ಲಿ ಬಸ್ಸು ಎತ್ತಿ ಹಾಕಿದಾಗ ಅದರ ಕತ್ತಿಗೆ ಅಂಗೈ ಕೊಟ್ಟ. ಪಕ್ಕದ ಹೆಂಗಸು ಮಾರುವುದಕ್ಕೇನು ಎಂದು ಕೇಳಿದ್ದಕ್ಕೆ, “ಇಲ್ಲ ಕಣಮ್ಮ, ಇದು ನಮ್ದೇ,” ಎಂದ. ನಾನು ಕಿಟಕಿಯ ಕಡೆ ತಿರುಗಿ ಸೆರಗು ಕಚ್ಚಿಕೊಂಡೆ.

ಹರಿಯಬ್ಬೆಯಲ್ಲಿ ಬೀಗಿತ್ತಿ ಜಗಲಿಯ ಮೇಲೆ ಚಾಪೆ ಹಾಸಿ, “ಬರ್ರಿ, ಕುಂತ್ಕಳ್ರಿ,” ಎಂದರು. ಅವನು ಕೂರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟ. ಓಣಿಯ ಹೆಂಗಸರು ಬಾಗಿಲಿಗೆ ಮುತ್ತಿಕೊಂಡರು. ಒಬ್ಬಳು ಆಗಲೇ ಏನೋ ಚಟಾಕಿ ಹಾರಿಸಲು ಬಾಯಿ ತೆರೆದಿದ್ದಳು. “ನಗೋದಿದ್ರೆ ಬೀದಿಗೆ ಹೋಗಿ ನಗ್ರಿ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಹೆಂಡತಿ ಮಗುವನ್ನು ಅವನ ಕಡೆ ಚಾಚಿದಳು. ಅವನು ಎತ್ತಿಕೊಂಡ. ಕತ್ತಿನ ಕೆಳಗೆ ಅಂಗೈ ಕೊಟ್ಟ. ಮಗು ಆಕಳಿಸಿ, ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಬಾಗಿಲಿನ ಹೆಂಗಸರು ನನ್ನ ಮುಖ ನೋಡಿದರು. ಮೊದಲು ನಕ್ಕವನು ಅವನೇ. ಆಮೇಲೆ ಅವಳು. ಆಮೇಲೆ ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳುತ್ತಲೇ.

ಸಂಜೆ ಹೊರಟಾಗ ಅವನು ಮಗುವನ್ನು ಇಳಿಸದೆ ಬಾಗಿಲವರೆಗೆ ಬಂದ. “ನಾನಿವತ್ತು ಬರಲ್ಲ ಅತ್ತೆ. ನೀನು ಅಪ್ಪನ ಹತ್ರ ಹೋಗು. ನಂಗೆ ಹೇಳಿದ್ದನ್ನ ಅವನಿಗೂ ಹೇಳು.”

ಹೋದೆ. ತಮ್ಮ ಕುರಿ ಕೂಡುವ ರೊಪ್ಪದಲ್ಲಿ ಮರಿಗಳನ್ನು ತಾಯಿಗಳಿಗೆ ಬಿಡುತ್ತಿದ್ದ. ನಿಂತಲ್ಲೇ, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದೆ, ತಲೆಯಾಡಿಸಿದ್ದನ್ನೂ. ಅವನು ನನ್ನ ಕಡೆ ನೋಡಲಿಲ್ಲ. ಅದೆಲ್ಲ ತನಗೆ ನೆನಪೇ ಇಲ್ಲ ಎಂದ. ಸುಳ್ಳು ಹೇಳುತ್ತಿದ್ದಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೊನೆಯ ಮರಿಯನ್ನು ತಾಯಿಗೆ ಬಿಟ್ಟು, “ಬೆಳಿಗ್ಗೆ ಹರಿಯಬ್ಬೆ ಕಡೆ ಬಸ್ಸು ಎಷ್ಟೊತ್ತಿಗೈತಕ್ಕಾ?” ಎಂದು ಕೇಳಿದ. ಹೇಳಿದೆ. ಕುರಿಗೆ ಯಾರು ಹೋಗುತ್ತಾರೆ ಎಂದ. ನಾನು ಎಂದೆ.

“ನೀನು ಕುರಿ ಮೇಯಿಸ್ತೀಯೋ, ಅವೇ ನಿನ್ನ ಮೇಯಿಸ್ತಾವೋ,” ಎಂದ.

ಬೆಳಿಗ್ಗೆ ಒಗೆದ ಪಂಚೆ ಉಟ್ಟು ಬಸ್ಸು ಹತ್ತಿದ. ಕ್ಷಮಿಸಿದೆಯಾ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಡೀ ದಿನ ಕುರಿಗಳು ಎಳೆದ ಕಡೆಗೆಲ್ಲ ಸೀರೆ ಎತ್ತಿ ಕಟ್ಟಿಕೊಂಡು ಓಡಿದೆ.