ಅಕ್ಕ ತಂದ ತೆಂಗಿನ ಸಸಿ

ಬೆಳಗಿನ ಐದೂವರೆ. ಗ್ರ್ಯಾಂಡ್ ಕಾಯ್ ಹಡಗುಕಟ್ಟೆಯ ತಪಾಸಣೆ ಕೊಠಡಿಯಲ್ಲಿ ಇಗ್ನೇಷಿಯಾ ಲಬೋರ್ಡ್ ಆಗಲೇ ಮೂರನೇ ಸಲ ತಮ್ಮ ಮೇಜು ಒರೆಸುತ್ತಿದ್ದಾರೆ. ಮೇಜಿನ ಮೇಲೆ ಧೂಳೇನೂ ಇಲ್ಲ. ಕೈ ಸುಮ್ಮನಿರಲೊಲ್ಲದು, ಅಷ್ಟೇ. ಒರೆಸಿ ಹೊರಗೆ ಹೋಗಿ ಸಮುದ್ರ ನೋಡುತ್ತಾರೆ, ಒಳಗೆ ಬಂದು ಬೂಟು ಅದ್ದುವ ತಟ್ಟೆಯ ಔಷಧಿ ನೀರು ಕಲಕುತ್ತಾರೆ, ಮತ್ತೆ ಹೊರಗೆ. ಉತ್ತರದ ದ್ವೀಪದಿಂದ ಬರಬೇಕಾದ ದೋಣಿ ನಲವತ್ತು ನಿಮಿಷ ತಡವಾಗಿದೆ.

"ಮಿಸ್ ಇಗ್ಗಿ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ? ಒಂದ್ ಕಡೆ ಕೂತ್ಕೊಳ್ಳಿ, ನಂಗೇ ತಲೆ ತಿರುಗ್ತಿದೆ," ಎನ್ನುತ್ತಾರೆ ಪಕ್ಕದ ಮೇಜಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕತ್ಬರ್ಟ್. ಅವರೇ ತಂದಿಟ್ಟ ಕೋಕೋ ಚಹಾ ಕೆನೆಗಟ್ಟಿ ತಣ್ಣಗಾಗಿದೆ.

"ದೋಣೀಲಿ ನಮ್ಮಕ್ಕ ಬರ್ತಿದ್ದಾಳೆ ಕಣಪ್ಪಾ. ಏನ್ ಹೊತ್ಕೊಂಡ್ ಬರ್ತಾಳೋ ಅಂತ ಜೀವ ಹೊಡ್ಕೊಳ್ತಿದೆ."

ಈ ದ್ವೀಪಕ್ಕೆ ಕಾಲಿಡುವವರು ಮೊದಲು ಕತ್ಬರ್ಟರ ಮುಂದೆ ನಿಂತು ಎಲ್ಲಿ ತಂಗುತ್ತೇವೆ, ಯಾವತ್ತು ಹಿಂತಿರುಗುತ್ತೇವೆ ಎಂದು ಹೇಳಬೇಕು. ಮದ್ಯ, ಸಿಗರೇಟು ಮಿತಿ ಮೀರಿದ್ದರೆ ಸುಂಕ. ಸೈನಿಕರ ಹಸಿರು ಮಚ್ಚೆಗಳ ಬಟ್ಟೆಯನ್ನು ಇಲ್ಲಿ ಬೇರೆ ಯಾರೂ ತೊಡುವಂತಿಲ್ಲ, ತೊಟ್ಟು ಬಂದಿದ್ದರೆ ಅಲ್ಲೇ ಕಳಚಬೇಕು. ಹೋದ ವಾರ ಅಂಥ ಚಡ್ಡಿ ತೊಟ್ಟ ಪ್ರವಾಸಿಯೊಬ್ಬ ಪೆಟ್ಟಿಗೆ ಬರುವ ತನಕ ಇಗ್ನೇಷಿಯಾರ ಮೇಜಿನ ಬಟ್ಟೆ ಸುತ್ತಿಕೊಂಡು ನಿಂತಿದ್ದ. "ಪಾಪ, ವಾಪಸ್ ಕೊಡುವಾಗ ನೀಟಾಗಿ ಮಡಚಿ ಕೊಟ್ಟ," ಎಂದು ಅವರು ನಗುತ್ತಾರೆ.

ಇಷ್ಟೆಲ್ಲ ದಾಟಿದ ಮೇಲೆ ಸಿಗುವುದು ಇಗ್ನೇಷಿಯಾರ ಮೇಜು. ಹಣ್ಣು, ಬೀಜ, ಗಿಡ, ಬೂಟಿನ ಅಡಿಗೆ ಅಂಟಿದ ಮಣ್ಣು, ಇವು ಒಳಗೆ ನುಸುಳದಂತೆ ನೋಡಿಕೊಳ್ಳುವುದೇ ಅವರ ಕೆಲಸ. ವಾರಕ್ಕೆ ಮೂರು ದೋಣಿ, ಒಂದೊಂದರಲ್ಲೂ ನೂರಮೂವತ್ತು ಜನ. ಇಪ್ಪತ್ತಾರು ವರ್ಷಗಳಿಂದ ಬಗ್ಗಿ ಬಗ್ಗಿ ಜನರ ಬೂಟಿನ ಅಡಿ ನೋಡಿ ಸೊಂಟ ಬಿದ್ದುಹೋಗಿದೆ. ಕಾಲುಚೀಲದಿಂದ ಮಾವಿನಹಣ್ಣು ತೆಗೆದಿದ್ದಾರೆ, ಭಾನುವಾರದ ಟೋಪಿಯೊಳಗಿಂದ ಮೆಣಸಿನ ಸಸಿ ತೆಗೆದಿದ್ದಾರೆ. ಊರು ಅವರಿಗಿಟ್ಟ ಹೆಸರು 'ಮಾವಿನಹಣ್ಣಿನ ಪೊಲೀಸಮ್ಮ'. ಸಂತೆಯಲ್ಲಿ ಗೆಣಸು ಮಾರುವವಳು ಅವರನ್ನು ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತಾಳೆ.

"ಬೈಲಿ ಬಿಡಿ. ತಲೆ ಇಲ್ಲದ ತೆಂಗಿನ ತೋಟ ಅವಳು ನೋಡಿಲ್ಲ, ನಾನು ನೋಡಿದೀನಿ," ಎನ್ನುತ್ತಾರೆ ಇಗ್ನೇಷಿಯಾ.

ದಕ್ಷಿಣ ತೀರದ ಅವರ ಮನೆಗೆ ಮೂವತ್ತೊಂದು ತೆಂಗಿನ ಮರಗಳಿದ್ದವು. ಅಪ್ಪ ಕೊಬ್ಬರಿ ಒಣಗಿಸಿ ಮಾರುತ್ತಿದ್ದರು. ಇಲ್ಲಿ ಮಗುವಿನ ಹೊಕ್ಕುಳಬಳ್ಳಿ ಉದುರಿದರೆ ಅದನ್ನು ಮಣ್ಣಲ್ಲಿ ಹೂತು ಮೇಲೊಂದು ತೆಂಗಿನ ಸಸಿ ನೆಡಬೇಕು. ಆ ಮರ ಮಗುವಿನದು. ಇಗ್ನೇಷಿಯಾಗೆ ಹನ್ನೊಂದು ವರ್ಷವಿದ್ದಾಗ ತಮ್ಮ ಹುಟ್ಟಿದ. ಅಪ್ಪ ಬೇರೆ ದ್ವೀಪದಿಂದ ಒಳ್ಳೆ ತಳಿಯ ಸಸಿಯೊಂದನ್ನು ಗೋಣಿಯಲ್ಲಿ ಸುತ್ತಿ, ಯಾರಿಗೂ ಹೇಳದೆ ತಂದು ನೆಟ್ಟರು. ಮೂರನೇ ವರ್ಷ ಅದರ ಗರಿ ಹಳದಿಯಾಗಿ ತಲೆಯೇ ಕಳಚಿ ಬಿತ್ತು, ಆಮೇಲೆ ಪಕ್ಕದ ಮರದ್ದು. ರೋಗ ಆ ಸಸಿಯಿಂದಲೇ ಬಂತೆಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಮೂವತ್ತೊಂದರಲ್ಲಿ ಒಂದೂ ಉಳಿಯಲಿಲ್ಲ, ಅಪ್ಪ ಮತ್ತೆ ತಲೆಯೆತ್ತಿ ಓಡಾಡಲಿಲ್ಲ. ಅಲ್ಲಿ ಹೊಸದಾಗಿ ನೆಟ್ಟ ತೋಟ ಈಗಷ್ಟೇ ಆಳೆತ್ತರಕ್ಕೆ ಬಂದಿದೆ.

ಹಿರಿಯಕ್ಕ ಥಿಯೋಡೊರಾ ರೋಗ ಬರುವ ಮೊದಲೇ ಉತ್ತರದ ದ್ವೀಪಕ್ಕೆ ಮದುವೆಯಾಗಿ ಹೋಗಿದ್ದರು, ಜೊತೆಗೆ ಅಮ್ಮನ ಮರದ ಎರಡು ಕಾಯಿ ಒಯ್ದಿದ್ದರು. ಅದರಲ್ಲೊಂದು ಅವರ ಅಂಗಳದಲ್ಲಿ ಮರವಾಗಿ ನಿಂತಿದೆ. ಆ ದ್ವೀಪದಲ್ಲಿ ಹಳದಿ ರೋಗ ಇನ್ನೂ ಇದೆ. ಮೂರು ವಾರದ ಹಿಂದೆ ಇಗ್ನೇಷಿಯಾರ ಮಗಳು ಮಾರ್ವಾಳಿಗೆ ಹೆಣ್ಣುಮಗು ಹುಟ್ಟಿದೆ. ಒಣಗಿದ ಹೊಕ್ಕುಳಬಳ್ಳಿ ಬೆಂಕಿಪೊಟ್ಟಣದಲ್ಲಿ ಕಾಯುತ್ತಿದೆ.

ಕೊನೆಗೂ ದೋಣಿ ಬರುತ್ತದೆ. ಸಾಲಿನಲ್ಲಿ ಆರನೆಯವರಾಗಿ ಬಂದ ಥಿಯೋಡೊರಾ ಚೀಲದ ಬಾಯಿ ಬಿಚ್ಚಿ, ಒದ್ದೆ ಟವೆಲಿನಲ್ಲಿ ಸುತ್ತಿದ ತೆಂಗಿನ ಸಸಿಯನ್ನು ಮೇಜಿನ ಮೇಲಿಡುತ್ತಾರೆ. ಎರಡೇ ಎರಡು ಎಳೆ ಗರಿ.

"ಇಲ್ನೋಡೇ ಇಗ್ಗಿ, ಅಮ್ಮನ ಮರದ್ದು. ನಿನ್ ಮೊಮ್ಮಗಳಿಗೆ."

ಇಗ್ನೇಷಿಯಾ ಸಸಿಯ ಕಡೆ ನೋಡದೆ ಅಕ್ಕ ದೋಣಿಯಲ್ಲಿ ತುಂಬಿ ತಂದ ಫಾರಂ ನೋಡುತ್ತಾರೆ. "ಅಕ್ಕ, ಗಿಡ ತಂದಿದ್ದೀರಾ ಅನ್ನೋ ಕಡೆ 'ಇಲ್ಲ' ಅಂತ ಗುರುತು ಹಾಕಿದ್ದೀಯ."

"ಇದೇನ್ ಗಿಡಾನಾ? ಇದು ನಮ್ಮನೇದು."

"ಫೋನಲ್ಲೇ ಹೇಳಿದ್ನಲ್ಲ, ತರ್ಬೇಡ ಅಂತ."

"ಎಲ್ರಿಗೂ ಹೇಳೋ ಹಾಗೆ ನಂಗೂ ಹೇಳ್ದೆ ಅಂದ್ಕೊಂಡೆ. ಮೇಜಿನ ಹಿಂದೆ ನಿಂತಿರೋಳು ನನ್ ತಂಗಿ ತಾನೆ?"

ಸಾಲು ಕಿವಿ ನಿಮಿರಿಸಿ ನಿಂತಿದೆ. "ನೋಡ್ತಿರಿ, ಬಿಟ್ಬಿಡ್ತಾಳೆ. ಹೋದ್ಸಲ ನನ್ ಶುಂಠಿ ಆದ್ರೆ ಕಿತ್ಕೊಂಡ್ಳು, ಅಕ್ಕಂದು ಬಂದಾಗ ಕಾನೂನು ನಿದ್ದೆ ಹೋಗತ್ತೆ," ಎಂದು ಹಿಂದಿನಿಂದ ಹೆಂಗಸೊಬ್ಬಳು ಗಟ್ಟಿಯಾಗಿಯೇ ಕೊಂಕು ನುಡಿಯುತ್ತಾಳೆ.

ಇಗ್ನೇಷಿಯಾ ಫಾರಂ ಅನ್ನು ಅಕ್ಕನ ಕಡೆ ತಿರುಗಿಸಿಡುತ್ತಾರೆ. "ಅಪ್ಪನೂ ಹಿಂಗೇ ಅಂದ್ಕೊಂಡು ತಂದಿದ್ದು, ಅಕ್ಕ. ನಮ್ಮನೆಗೆ ತಾನೆ, ಏನಾಗ್ಬಿಡತ್ತೆ ಅಂತ."

ಥಿಯೋಡೊರಾ ಎರಡೂ ಎಳೆ ಗರಿಗಳನ್ನು ಒಮ್ಮೆ ಸವರುತ್ತಾರೆ. ಆಮೇಲೆ ಕೈ ಚಾಚುತ್ತಾರೆ. "ಕೊಡು ಪೆನ್ನು." 'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಗುರುತು ಹಾಕುತ್ತಾರೆ. "ಅಳಬೇಡ್ವೇ, ಸಮವಸ್ತ್ರ ಹಾಕ್ಕೊಂಡು. ಸುಡೋದೆಲ್ಲಿ? ನಾನೂ ಬರ್ತೀನಿ."

ಹಿತ್ತಿಲ ಕಬ್ಬಿಣದ ಒಲೆಯಲ್ಲಿ ಹಸಿ ಸಸಿ ಬೇಗ ಉರಿಯುವುದಿಲ್ಲ. ಬರೀ ಹೊಗೆ. ಅಮ್ಮನನ್ನು ಇನ್ನೊಮ್ಮೆ ಕಳಿಸಿಕೊಟ್ಟಂತೆ ಅಕ್ಕತಂಗಿಯರು ಬೂದಿಯಾಗುವವರೆಗೂ ಅಲ್ಲೇ ನಿಲ್ಲುತ್ತಾರೆ.

ಮರಳಿ ಬಂದಾಗ ಇಗ್ನೇಷಿಯಾರ ಮೇಜು ಖಾಲಿ ಇಲ್ಲ. ಮೂರು ಮಾವಿನಹಣ್ಣು, ಪೇಪರಿನಲ್ಲಿ ಸುತ್ತಿದ ಗಿಡದ ಬೇರಿನ ತುಂಡು, ಮೆಣಸಿನ ಸಸಿ, ಒಂದು ಹಿಡಿ ಶುಂಠಿ. ಸಾಲಿನಲ್ಲಿ ನಿಂತವರೆಲ್ಲ ಚಾವಣಿ ನೋಡುತ್ತಿದ್ದಾರೆ, ಕೊಂಕು ನುಡಿದವಳೂ.

"ನಾನು ಯಾರನ್ನೂ ಏನೂ ಕೇಳ್ಲಿಲ್ಲಪ್ಪ," ಎನ್ನುತ್ತಾರೆ ಕತ್ಬರ್ಟ್.

ಭಾನುವಾರ ಊರಿನ ಸಸ್ಯಕ್ಷೇತ್ರದ ರೋಗವಿಲ್ಲದ ತೆಂಗಿನ ಸಸಿಯೊಂದನ್ನು ಮಗುವಿನ ಹೊಕ್ಕುಳಬಳ್ಳಿಯ ಬೆಂಕಿಪೊಟ್ಟಣದ ಮೇಲೆ ನೆಡುವವರು ಥಿಯೋಡೊರಾ. ಹಾಗೆಂದು ಅವರೇ ಹಟ ಹಿಡಿದಿದ್ದಾರೆ. ಇಗ್ನೇಷಿಯಾ ಮಾತ್ರ ಆಗಲೇ ಮುಂದಿನವನ ಬೂಟು ಎತ್ತಿಸಿ ಬಗ್ಗಿದ್ದಾರೆ. ನಿಮಗೇನಾಸೆ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ:

"ದಕ್ಷಿಣ ತೀರದ ಮರ ಕಾಯಿ ಬಿಡ್ಬೇಕು. ಮೊದಲನೇ ಎಳನೀರು ಅಕ್ಕನಿಗೆ ಕಳಿಸ್ಬೇಕು." ಬೂಟಿನ ಮಣ್ಣು ಕೆರೆಯುತ್ತಾರೆ. "ಬೇಡ ಬಿಡಿ, ಅಲ್ಲೂ ನನ್ನಂಥೋಳೊಬ್ಳು ಇರ್ತಾಳಲ್ಲ. ಅಕ್ಕನೇ ಬರ್ಲಿ. ಬರಿಗೈಲಿ ಬಂದು ಇಲ್ಲೇ ಕುಡೀಲಿ."