ತೆಳುಗೆರೆಯ ಮನುಷ್ಯರು

ರಿಯಾದಿನ ನಮ್ಮ ಕಟ್ಟಡದಲ್ಲಿ ಕಾರ್ಮೆಲಿನ್ ಬಾಯಿಯಷ್ಟು ಹಟಮಾರಿ ಹೆಂಗಸು ಇನ್ನೊಬ್ಬರಿಲ್ಲ. ಊರು ಶಿರ್ವ. ಕೆಲಸ, ಹಾಯಿಲ್ ಕಡೆಯ ಮರುಭೂಮಿಯ ಬಂಡೆಚಿತ್ರಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಗೆರೆಗೆರೆಯನ್ನೂ ನಕಲು ಮಾಡುವುದು. ಗಂಡ ಸಲ್ವಾದೋರನ ಕಂಪನಿ ಮುಚ್ಚಿದ ಮೇಲೆ ಮನೆಯೂ ಮಗಳು ಟೀನಾಳ ಶಾಲೆಯೂ ನಡೆಯುತ್ತಿದ್ದದ್ದು ಇದರಿಂದಲೇ.

ಚಹಾಕ್ಕೆ ಹೋದರೆ ಸಾಕು, ಪಾಠ ಶುರು. ಬಹಳ ಹಳೆಯವರು ಪ್ರಾಣಿಗಳನ್ನು ದೊಡ್ಡದಾಗಿ, ಆಳವಾಗಿ, ಮೈತುಂಬಿಕೊಂಡಂತೆ ಕೊರೆದರು. ಆಮೇಲೆ ಉದ್ದ ಕೊಂಬಿನ ದನಗಳು ಬಂದವು. ನೆಲ ಒಣಗಿದಾಗ ದನ ಹೋಗಿ ಒಂಟೆ ಬಂತು, ಗೆರೆಯೂ ಬಡವಾಯಿತು. ತೀರ ಈಚಿನವು ಕಡ್ಡಿಯಂಥ ಕೈಕಾಲಿನ, ಈಟಿ ಹಿಡಿದ ಮನುಷ್ಯರು; ಕಲ್ಲನ್ನು ಸುಮ್ಮನೆ ಗೀರಿದಂತೆ. "ಇವರಿಗೆ ಎಂತ ಅವಸರವೋ ಹಸೀನಾ!" ಎಂದು ನನ್ನೆದುರು ನಗುತ್ತಿದ್ದರು.

ಕಳೆದ ಚಳಿಗಾಲ ಆ ನಗು ನಿಂತಿತು. ಆಫೀಸಿನ ಹೊಸ ಹುಡುಗಿ ವಿಸ್ಮಯಾ ನಕಲನ್ನು ಫೋಟೋದ ಪಕ್ಕ ಇಟ್ಟು ಕೇಳಿದಳಂತೆ: "ಆಂಟಿ, ಇದರಲ್ಲಿ ಬರೀ ದನ ಉಂಟಲ್ಲ? ಈಟಿಯವರನ್ನು ಬಿಟ್ಟಿದ್ದೀರಿ."

ಬಾಯಿ ಪರದೆಯ ಬೆಳಕು ಹೆಚ್ಚಿಸಿದರು. ದನ ಕಂಡಿತು, ಮನುಷ್ಯರು ಕಾಣಲಿಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಾರು ಓಡಿಸಬೇಡಿ ಎಂದಿದ್ದರು ಡಾಕ್ಟರು. ಬಾಯಿ ಇದನ್ನು ನನಗೊಬ್ಬಳಿಗೇ ಹೇಳಿದರು.

"ಸಲ್ವಾದೋರಿಗೆ ಹೇಳಿ ಬಾಯಿ."

"ಹೇಳಿದ್ರೆ ಕೆಲಸ ಬಿಡು ಅಂತಾನೆ. ಇಕಾಮಾ ಹೋದ್ರೆ ಇಲ್ಲಿ ಇರ್ಲಿಕ್ಕೆ ಪರ್ಮಿಟ್ಟೇ ಇಲ್ಲ, ಎಲ್ಲರೂ ಊರಿಗೇ. ಟೀನಾಳ ಹತ್ತನೇ ಕ್ಲಾಸ್ ಮುಗೀಲಿ ಮಾರಾಯ್ತಿ. ದೊಡ್ಡದೆಲ್ಲ ಸರಿ ಕಾಣ್ತದೆ ನಂಗೆ."

ಈಟಿಯವರು ಬಂಡೆಯ ಯಾವ ಮೂಲೆಯಲ್ಲಿ ಹೇಗೆ ನಿಲ್ಲುತ್ತಾರೆಂಬುದು ಅವರಿಗೆ ಬಾಯಿಪಾಠ. ಕಾಣದಿದ್ದರೂ ಅಂದಾಜಿನ ಮೇಲೆ ಬರೆದು ಸೇರಿಸತೊಡಗಿದರು. ಯಾರೂ ತಪ್ಪು ಹಿಡಿಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಾರನ್ನೂ ಹಾಗೆಯೇ ಓಡಿಸುತ್ತಿದ್ದರು. ಸಲ್ವಾದೋರ್ ಕೆಲಸ ಹುಡುಕುತ್ತ ದಮ್ಮಾಮಿನಲ್ಲಿದ್ದ; ಟೀನಾಳನ್ನು ಶಾಲೆಗೆ ಬಿಡುವವರು ಇವರೇ.

ಬೇಡವೆಂದು ಹೇಳಿ ಹೇಳಿ ಸಾಕಾಗಿ ಒಂದು ಬೆಳಿಗ್ಗೆ ನಾನೂ ಹಿಂದಿನ ಸೀಟಿನಲ್ಲಿ ಕೂತೆ, ನನ್ನ ಕಣ್ಣುಗಳಾದರೂ ಇರಲಿ ಎಂದು. ಧೂಳು ಎದ್ದು ರಸ್ತೆ, ಗೋಡೆ, ಆಕಾಶ ಎಲ್ಲ ಒಂದೇ ಬಣ್ಣವಾಗಿತ್ತು. ತಿರುವಿನಲ್ಲಿ ಲಾರಿ ಬಂತು. ಬಾಯಿ ಚೆನ್ನಾಗಿಯೇ ನಿಲ್ಲಿಸಿ, ದಾರಿ ಬಿಟ್ಟು, "ನೋಡಿದಿಯಾ?" ಎಂದು ನನ್ನನ್ನು ಛೇಡಿಸಿ ವೇಗ ಹೆಚ್ಚಿಸಿದರು.

ಮುಂದೆ ಧೂಳುಬಣ್ಣದ ಬಟ್ಟೆಯ ಕೂಲಿಯವರು ರಸ್ತೆ ದಾಟುತ್ತಿದ್ದರು.

"ಮಮ್ಮಿ, ಜನ!" ಟೀನಾ ಕಿರುಚಿದಳು.

ಕಾರಿನ ವೇಗ ಇಳಿಯಲಿಲ್ಲ.

"ಎಲ್ಲಿ?" ಎಂದು ಕೇಳಿದರು ಕಾರ್ಮೆಲಿನ್ ಬಾಯಿ.