ಬಂಡೆಗೆ ಹಚ್ಚಿದ ಬೆಲ್ಲ

ನಿನ್ನೆ ಸಂಜೆ ಕಂಪ್ಲಿ ಬಸ್ಸಿನ ಕಂಡಕ್ಟರು ಹೊಸಪೇಟೆ ನಿಲ್ದಾಣದಲ್ಲಿ ನನ್ನ ಕೈಗೊಂದು ಪೊಟ್ಟಣ ಕೊಟ್ಟರು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿದಿದ್ದರು. ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಗಂಟು ಬಿಚ್ಚುವ ಮೊದಲೇ ವಾಸನೆ ಬಂತು. ಬೆಲ್ಲ. ಅದೂ ಅಂಗಡಿಯ ಹಳದಿ ಬೆಲ್ಲವಲ್ಲ, ಗಾಣದ ಮನೆಯಿಂದ ನೇರವಾಗಿ ಬಂದ ಕಪ್ಪು ಬೆಲ್ಲ. ನೀವಾಗಿದ್ದರೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಿರಿ. ನಾನು ಗಾಜಿನ ಲೋಟಕ್ಕೆ ನೀರು ತುಂಬಿಸಿ, ಚೂರನ್ನು ಅದರಲ್ಲಿ ಹಾಕಿ, ತಳದಲ್ಲಿ ಏನು ಕೂರುತ್ತದೆಂದು ನೋಡುತ್ತ ನಿಂತೆ.

"ಹುಲಿಗೆಮ್ಮ ಕಳಿಸ್ಯಾಳೇನು?" ಎಂದಳು ಹೆಂಡತಿ.

ಹೌದೆಂದೆ. ಹುಲಿಗೆಮ್ಮ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ.

"ಹಂಗಾರ ಬೆಲ್ಲ ಛಲೋನ ಇರತೈತಿ ಬಿಡ್ರಿ. ಯಾಕ ಕಳಿಸ್ಯಾಳ ಅನ್ನೋದನ್ನ ನೀರಾಗ ಹಾಕಿ ನೋಡ್ರಿ."

ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೂ ಈ ಗುಣ ಅಂಟಿಕೊಂಡಿದೆ. ನನಗಂತೂ ಅನುಮಾನವೇ ಹೊಟ್ಟೆಪಾಡು. ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯ ನನ್ನದು. ಜನ ಕ್ಯಾನಿನಲ್ಲಿ, ಬಾಟಲಿಯಲ್ಲಿ ನೀರು ತರುತ್ತಾರೆ; ಅದು ಎಲ್ಲಿಯದೆಂದು ಅವರು ಹೇಳಿದ್ದನ್ನು ನಂಬದಿರುವುದು ನನ್ನ ಕೆಲಸ. ಒಮ್ಮೆ ಒಬ್ಬರು ತಮ್ಮ ಕಾರ್ಖಾನೆಯಿಂದ ಹೊರಬೀಳುವ ನೀರೆಂದು ಒಂದು ಬಾಟಲಿ ತಂದುಕೊಟ್ಟರು. ಕಣ್ಣೀರಿನಷ್ಟು ತಿಳಿಯಾಗಿತ್ತು. ಬಾಟಲಿಯ ಕುತ್ತಿಗೆಯಲ್ಲಿ ಅಂಗಡಿಯ ಮುಚ್ಚಳದ ಉಂಗುರ ಇನ್ನೂ ಬಿಟ್ಟಿರಲಿಲ್ಲ. "ನಮ್ ಪ್ಲಾಂಟ್ ಭಾಳ ಕ್ಲೀನ್ ಸರ್" ಎಂದರು, ಕಣ್ಣು ಮಿಟುಕಿಸದೆ. ಇಂಥವರ ನಡುವೆ ಬದುಕಿದವನಿಗೆ ಹೆಂಡತಿ ಕೊಟ್ಟ ಕಾಫಿಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡುವ ಚಟ ಬಂದರೆ ತಪ್ಪೇನು ಹೇಳಿ. ಅವಳು ತಪ್ಪೆನ್ನುತ್ತಾಳೆ, ಅದು ಬೇರೆ ಮಾತು.

ಹೀಗಿದ್ದ ನನ್ನನ್ನು ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದವರು ಕರೆದರು. ಹೆಸರು ಬೇಡ, ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದಷ್ಟು ದೂರ ಎಂದರೆ ಸಾಕು. ಸ್ನಾತಕೋತ್ತರ ತರಗತಿಗೆ ಸುಸ್ಥಿರತೆ ಎನ್ನುವ ಹೊಸ ಕೋರ್ಸು ತೆರೆದಿದ್ದರು, ಶನಿವಾರಗಳಂದು ಬಂದು ಪಾಠ ಮಾಡಬೇಕು ಎಂದರು. ನನ್ನನ್ನೇ ಯಾಕೆ ಎಂಬ ಅನುಮಾನ ಆಗಲೇ ಬಂತು. ಬೇರೆ ಯಾರೂ ಒಪ್ಪಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಆದರೂ ಹೋದೆ. ಮೇಷ್ಟ್ರು ಎನಿಸಿಕೊಳ್ಳುವ ಆಸೆ ಎಂಥ ಅನುಮಾನದ ಮನುಷ್ಯನನ್ನೂ ಕೆಡಿಸುತ್ತದೆ.

ಮೊದಲ ದಿನ ಕಾರು ಕೆಟ್ಟಿತ್ತು, ಆಟೋದವನು "ಏನ್ ಹೇಳಿಕೊಡ್ತೀರಿ ಸರ್?" ಎಂದು ಕೇಳಿದ. "ಸುಸ್ಥಿರತೆ" ಎಂದೆ. "ಸುಸ್ತಾ? ಅದನ್ನ ಹೇಳಿಕೊಡಬೇಕೇನ್ರಿ? ನಮಗ ತಾನಾ ಬರತೈತಲ್ಲ" ಎಂದ. ಈ ಮಾತನ್ನು ತರಗತಿಯಲ್ಲಿ ತಮಾಷೆಗೆಂದು ಹೇಳಿದೆ. ಹೇಳಬಾರದಿತ್ತು. ಅಂದಿನಿಂದ ನಾನು ಆ ಕಟ್ಟಡದಲ್ಲಿ ಸುಸ್ತು ಸರ್ ಆದೆ. ಗೇಟಿನಿಂದ ವಿಭಾಗದವರೆಗೆ ಬಿಸಿಲಲ್ಲಿ ನಡೆದು ಏದುಸಿರು ಬಿಡುತ್ತ ಒಳಗೆ ಬರುತ್ತಿದ್ದುದರಿಂದ ಹೆಸರು ಚೆನ್ನಾಗಿಯೇ ಹೊಂದಿಕೊಂಡಿತು.

ನಡೆಯುವಂತೆ ಮಾಡಿದವಳೂ ಹುಲಿಗೆಮ್ಮನೇ. ಮೊದಮೊದಲು ಕಾರಿನಲ್ಲಿ ಹೋಗುತ್ತಿದ್ದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಸರ್, ಬಸ್ ಐತಲ್ರಿ ನಿಮ್ಮೂರಿಂದ?" ಎಂದು ಕೇಳಿದಳು. ಅಷ್ಟೇ, ಬೇರೇನೂ ಅನ್ನಲಿಲ್ಲ. ಮುಂದಿನ ವಾರದಿಂದ ನಾನು ಬಸ್ಸಿನಲ್ಲಿದ್ದೆ. ಕಂಪ್ಲಿಯ ಹತ್ತಿರದ ಊರವಳು, ಅಪ್ಪನದು ಬೆಲ್ಲದ ಗಾಣ. ಮಾತು ಕಡಿಮೆ, ನೋಟ ಹೆಚ್ಚು. ಏನು ಹೇಳಿದರೂ ತಲೆ ಒಂದಿಷ್ಟು ವಾರೆ ಮಾಡಿ ಕೇಳುತ್ತಿದ್ದಳು, ತಕ್ಕಡಿಯ ಮುಳ್ಳನ್ನು ನೋಡುವವರ ಹಾಗೆ. ಅವಳನ್ನು ಕಂಡರೆ ನನಗೆ ಭಯವೂ ಇತ್ತು, ಬಹಳ ಪ್ರೀತಿಯೂ ಇತ್ತು.

ಆ ವರ್ಷ ತರಗತಿಯನ್ನು ದರೋಜಿಯ ಕರಡಿಧಾಮಕ್ಕೆ ಕರೆದುಕೊಂಡು ಹೋದೆ. ನೀವೂ ನೋಡಿರಬಹುದು: ಎತ್ತರದ ಕಟ್ಟೆಯ ಮೇಲೆ ನಿಂತರೆ ಎದುರಿಗೆ ಬಂಡೆಗಳ ಗುಡ್ಡ, ಇಳಿಹೊತ್ತಿಗೆ ಕರಡಿಗಳು ಒಂದೊಂದಾಗಿ ಇಳಿದು ಬರುತ್ತವೆ. ಅಂದೂ ಬಂದವು. ತಾಯಿಯೊಂದು ಬೆನ್ನ ಮೇಲೆ ಮರಿಯನ್ನು ಹೊತ್ತು ಬಂತು. ಮಕ್ಕಳೆಲ್ಲ ಫೋನು ಹಿಡಿದರು. ನಾನು ಭಾವುಕನಾಗಿಬಿಟ್ಟೆ. ಮನುಷ್ಯ ಕೈಯಾಡಿಸದಿದ್ದರೆ ಕಾಡು ಹೇಗೆ ತನ್ನಷ್ಟಕ್ಕೆ ತಾನೇ ಬಾಳುತ್ತದೆ ನೋಡಿ ಎಂದು ಗದ್ಗದ ಕಂಠದಲ್ಲಿ ಭಾಷಣ ಶುರುಮಾಡಿದೆ.

"ಸರ್," ಎಂದಳು ಹುಲಿಗೆಮ್ಮ, ದುರ್ಬೀನಿನಿಂದ ಕಣ್ಣು ತೆಗೆಯದೆ. "ಅವು ಹುಡುಕಾಕತ್ತಿಲ್ರಿ. ನೆಕ್ಕಾಕತ್ತಾವು."

ನಾನು ದುರ್ಬೀನು ಇಸಿದುಕೊಂಡು ನೋಡಿದೆ. ನಿಜ. ನೆಲ ಕೆದರುವುದಿಲ್ಲ, ಹುತ್ತ ಮೂಸುವುದಿಲ್ಲ. ನೆಟ್ಟಗೆ ಬಂದು, ಗೊತ್ತಿರುವ ಬಂಡೆಯನ್ನೇ ಹಿಡಿದು ನೆಕ್ಕುತ್ತಿವೆ. ಪಕ್ಕದಲ್ಲಿದ್ದ ಕಾವಲುಗಾರ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ: "ಮಧ್ಯಾಹ್ನ ಬೆಲ್ಲ ಹಚ್ಚಿ ಬಂದೀವ್ರಿ. ಇಲ್ಲಾಂದ್ರ ನಿಮ್ಮನ್ನ ನೋಡಾಕ ಅವು ಯಾಕ ಬರ್ತಾವ?"

ನಾನು ಭಾಷಣವನ್ನು ಅಲ್ಲಿಗೇ ನಿಲ್ಲಿಸಿದೆ. ಹುಡುಗರು ನಗು ತಡೆದುಕೊಂಡು ಕೆಮ್ಮಿದರು.

ಅಲ್ಲಿಂದ ಮುಂದೆ ನಮ್ಮ ತರಗತಿಗೆ ಒಂದು ಸ್ವಂತ ಮಾತು ಹುಟ್ಟಿತು. ಯಾವುದೇ ಕಂಪನಿಯ ಹೊಳೆಯುವ ವರದಿ ಓದಿದರೂ, ಯಾವ ಯೋಜನೆಯ ಚಿತ್ರ ನೋಡಿದರೂ, "ಬೆಲ್ಲ ಎಲ್ಲೈತಿ?" ಎಂದು ಮೊದಲು ಕೇಳಬೇಕು. ಹಂಪಿಯಲ್ಲಿ ಪರಿಸರಸ್ನೇಹಿ ಎಂದು ಬೋರ್ಡು ಹಾಕಿಕೊಂಡ ಒಂದು ವಸತಿಗೃಹಕ್ಕೆ ಹೋದರೆ, ಹುಲಿಗೆಮ್ಮ ಹುಲ್ಲಿನ ಮಾಡನ್ನು ಬೆರಳಿಂದ ಸರಿಸಿ ಒಳಗಿನ ಸಿಮೆಂಟು ತೋರಿಸಿದಳು. ಸಂಡೂರಿನ ದಾರಿಯಲ್ಲಿ ಒಂದು ಗಣಿಯ ಮುಂದೆ ಸಾಲುಮರಗಳು ಹಸಿರಾಗಿ ನಿಂತಿದ್ದವು. ಬಸ್ಸಿಳಿದು ಸಾಲಿನ ಹಿಂದಕ್ಕೆ ಹೋಗಿ ಬಂದವಳು, "ರಸ್ತಿಗೆ ಕಾಣೂಮಟ ಅಷ್ಟ ಹಚ್ಯಾರ್ರಿ" ಎಂದಳು. ಅವಳ ಹಿಂದೆ ಎಲ್ಲರೂ ಹೋಗಿ ನೋಡಿದರು. ಆಚೆಗೆ ಬೋಳು ಕೆಂಪುಮಣ್ಣು. ಅಂದು ನನಗಾದ ಹೆಮ್ಮೆಯನ್ನು ಹೇಳಲಾರೆ. ಜೀವಮಾನದ ನನ್ನ ರೋಗಕ್ಕೆ ಕೊನೆಗೂ ಒಬ್ಬ ವಾರಸುದಾರಳು ಸಿಕ್ಕಿದ್ದಳು.

ಅವಳ ಕೊನೆಯ ಸೆಮಿಸ್ಟರಿನಲ್ಲಿ ಸುದ್ದಿ ಬಂತು: ಹೊರಗಿನಿಂದ ಒಂದು ಸಮಿತಿ ಬರುತ್ತದೆ, ಕೋರ್ಸು ಇರಬೇಕೋ ಮುಚ್ಚಬೇಕೋ ಎಂದು ಅವರೇ ತೀರ್ಮಾನಿಸುತ್ತಾರೆ. ಮುಚ್ಚಿದರೆ ಆಗಷ್ಟೇ ಸೇರಿದ್ದ ಮಕ್ಕಳು ನಡುನೀರಿನಲ್ಲಿ, ನನ್ನ ಶನಿವಾರಗಳೂ ಖಾಲಿ. ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಆದರೆ ಗಾಬರಿಯ ಮನುಷ್ಯ. ವರಾಂಡದ ತುಂಬ ನರ್ಸರಿಯಿಂದ ಬಾಡಿಗೆಗೆ ತಂದ ಕುಂಡಗಳು ಬಂದವು. ಖಾಲಿ ಬೆಂಚುಗಳಿಗೆ ಬೇರೆ ವಿಭಾಗದ ಹುಡುಗರು ಬಂದರು. ತಾರಸಿಯ ಮೇಲೆ ಒಂದು ಸೋಲಾರ್ ಫಲಕ ಪ್ರತ್ಯಕ್ಷವಾಯಿತು. ಅದರ ತಂತಿ ಕಿಟಕಿಯಿಂದ ಒಳಗೆ ಬಂದು ಬೀರುವಿನ ಹಿಂದೆ ಎಲ್ಲಿಗೂ ಸೇರದೆ ಮುಗಿಯುತ್ತಿತ್ತು. ಸುಸ್ಥಿರತೆಯ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ ಎಂದು ನನಗೆ ನಗು ಬಂತು. ಆಮೇಲೆ ಹುಲಿಗೆಮ್ಮನ ನೆನಪಾಗಿ ನಗು ನಿಂತಿತು.

ಮುಖ್ಯಸ್ಥರಿಗೂ ಅವಳೇ ನೆನಪಾಗಿದ್ದಳು. "ಆ ಹುಡುಗೀನ್ನ ಅವತ್ತೊಂದಿನ ಎಲ್ಲ್ಯಾರ ಕಳಿಸಿಬಿಡ್ರಿ ಸರ್. ದರೋಜಿಗೆ ಹೋಗಿ ಕರಡಿ ಎಣಿಸ್ಲಿ ಬೇಕಾರ" ಎಂದರು.

"ಇಲ್ಲ" ಎಂದೆ. "ಆಕಿ ಇಲ್ಲೇ ಇರ್ತಾಳ. ಕೇಳಿದ್ರ ಹೇಳ್ಲಿ."

ಇಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ಅವಳು ಬಾಯಿ ತೆರೆಯಲಿ ಎಂಬ ಆಸೆ ಒಳಗೊಳಗೇ ಇತ್ತು. ಕೋರ್ಸು ಹೋದರೆ ಹೋಗಲಿ, ನಾನು ಕಲಿಸಿದ್ದು ಒಬ್ಬಳಿಗಾದರೂ ಹತ್ತಿತ್ತು ಎಂದು ಎಲ್ಲರೆದುರು ಗೊತ್ತಾಗಲಿ ಎಂಬ ಆಸೆ.

ಸಮಿತಿ ಬಂತು. ಅವರಲ್ಲೊಬ್ಬ ಹಿರಿಯ ಹೆಂಗಸು ಚುರುಕಾಗಿದ್ದರು, ಕುಂಡಗಳನ್ನು ನೋಡುವಾಗಲೇ ಅವರ ತಲೆ ಸ್ವಲ್ಪ ವಾರೆಯಾಗಿತ್ತು. ತಾರಸಿಗೆ ಬಂದವರು ಉಳಿದವರನ್ನೆಲ್ಲ ಬಿಟ್ಟು ನೇರ ಹುಲಿಗೆಮ್ಮನನ್ನೇ ಕೇಳಿದರು: "ಇದು ನಿಜವಾಗಿಯೂ ಕೆಲಸ ಮಾಡುತ್ತದೆಯಾ ಅಮ್ಮಾ?"

ಮುಖ್ಯಸ್ಥರು ಆಕಾಶ ನೋಡಿದರು.

ಹುಲಿಗೆಮ್ಮ ಕೈ ಕಟ್ಟಿ ನಿಂತು ಹೇಳಿದಳು: "ಹೌದು ಮೇಡಂ. ಇದರ ನಿರ್ವಹಣೆಯನ್ನು ವಿದ್ಯಾರ್ಥಿಗಳಾದ ನಾವೇ ಸರದಿಯಂತೆ ಕೈಗೊಳ್ಳುತ್ತೇವೆ. ಈ ಕೋರ್ಸಿನಿಂದ ನಮ್ಮ ದೃಷ್ಟಿಕೋನವೇ ಬದಲಾಗಿದೆ."

ಅವಳ ಬಾಯಲ್ಲಿ ಅಂಥ ಕನ್ನಡವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂದು ಅಕ್ಷರ ತುಂಡಾಗಿರಲಿಲ್ಲ, ಒಂದು 'ರೀ' ಇರಲಿಲ್ಲ. ಸಮಿತಿಯ ಹೆಂಗಸಿನ ಮುಖ ಅರಳಿತು, ತಲೆ ನೆಟ್ಟಗಾಯಿತು. ನಾನು ಮಾತ್ರ, ಅವಳಿಗೆ ಯಾರು ಏನು ಆಸೆ ತೋರಿಸಿರಬಹುದು ಎಂದು ಅಲ್ಲೇ ಲೆಕ್ಕ ಹಾಕತೊಡಗಿದೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮೆಟ್ಟಿಲ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದೆ. "ಯಾಕ ಹಂಗ ಹೇಳಿದಿ?"

"ಕರಡಿ ನೋಡಾಕ ಮಂದಿ ಬರ್ತಾರ ಅಂತ ಆ ಗುಡ್ಡ ಉಳದೈತ್ರಿ ಸರ್," ಎಂದಳು. "ಬೆಲ್ಲ ಹಚ್ಚಲಿಲ್ಲಾಂದ್ರ ಕರಡಿ ಕಾಣಾಂಗಿಲ್ಲ. ಕರಡಿ ಕಾಣಲಿಲ್ಲಾಂದ್ರ ಆ ಗುಡ್ಡಾನೂ ಇಷ್ಟೊತ್ತಿಗೆ ಗಣಿಯವ್ರು ಲಾರಿಗೆ ತುಂಬಿರ್ತಿದ್ರು."

"ಮತ್ತ ನಾನು ಇಷ್ಟ್ ದಿನ ಕಲಿಸಿದ್ದೇನು?"

"ಅದನ್ನ ಕಲ್ತಿದ್ದಕ್ಕ ಎಲ್ಲಿ ಹಚ್ಚಬೇಕು ಅಂತ ಗೊತ್ತಾತ್ರಿ."

ನನಗೆ ಸಿಟ್ಟು ಬಂತು. ಅವಳು ಊಟಕ್ಕೆ ಹೋದಳು, ನಾನು ಬಸ್ಸು ಹಿಡಿದು ಮನೆಗೆ ಬಂದೆ.

ಕೋರ್ಸು ಉಳಿಯಿತು. ಮುಂದಿನ ವರ್ಷವೂ ನಾನು ಹೋದೆ. ಅದರ ಮುಂದಿನ ವರ್ಷ ಮುಖ್ಯಸ್ಥರು ಫೋನು ಮಾಡಿ, ಬಾಯಿತುಂಬ ಹೊಗಳಿ, ಇನ್ನು ಮೇಲೆ ತೊಂದರೆ ತೆಗೆದುಕೊಳ್ಳಬೇಡಿ, ನಮ್ಮಲ್ಲೇ ಓದಿದವರೊಬ್ಬರು ಸಿಕ್ಕಿದ್ದಾರೆ ಎಂದರು. ಯಾರೆಂದು ಹೇಳಬೇಕಾಗಿರಲಿಲ್ಲ. ನನ್ನ ಶನಿವಾರಗಳು ಹುಲಿಗೆಮ್ಮನಿಗೆ ಹೋದವು. ಅಂದು ತಾರಸಿಯ ಮೇಲೆ ಅವಳು ಉಳಿಸಿದ್ದು ಆ ಹೊಸ ಮಕ್ಕಳನ್ನೋ, ತನ್ನ ನಾಳೆಯನ್ನೋ? ಎಷ್ಟೋ ಸಂಜೆ ಪ್ರಯೋಗಾಲಯದಲ್ಲಿ ಒಬ್ಬನೇ ಕೂತು ಇದನ್ನು ತಿರುವಿಹಾಕಿದ್ದೇನೆ. ನೀರಾದರೆ ತಳದಲ್ಲಿ ಏನಾದರೂ ಕೂರುತ್ತದೆ. ಈ ಪ್ರಶ್ನೆಯಲ್ಲಿ ಏನೂ ಕೂರಲಿಲ್ಲ, ಬರೀ ಕದಡಿಕೊಂಡೇ ಇತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇವತ್ತು ಬೆಳಿಗ್ಗೆ ಅವಳೇ ಫೋನು ಮಾಡಿದಳು. "ನಮಸ್ಕಾರ ಸರ್. ಬೆಲ್ಲ ತಲುಪಿತೆಂದು ಭಾವಿಸುತ್ತೇನೆ. ಬರುವ ಶನಿವಾರ ನಮ್ಮ ವಿಭಾಗಕ್ಕೆ ತಾವು ದಯವಿಟ್ಟು ಆಗಮಿಸಬೇಕು."

ಭಾವಿಸುತ್ತೇನೆ, ಆಗಮಿಸಬೇಕು. ನನ್ನ ಕಿವಿ ನಿಮಿರಿತು. "ಸಮಿತಿ ಬರಾಕತ್ತೈತೇನು?" ಎಂದು ಕೇಳಿಯೇಬಿಟ್ಟೆ.

ಅವಳು ನಕ್ಕಳು. "ಸಮಿತಿ ಗಿಮಿತಿ ಏನಿಲ್ರಿ ಸರ್. ಹೋದ ವಾರ ಹುಡುಗ್ರನ್ನ ದರೋಜಿಗೆ ಕರ್ಕೊಂಡು ಹೋಗಿದ್ದೆ. ನೀವು ಹೊಡದಂಥದ್ದ ಭಾಷಣ ನಾನೂ ಹೊಡದೆ, ಬೇಕಂತಲೇ. ಯಾರಾರ ಕೇಳ್ತಾರೇನು ಅಂತ ಕಾಯ್ದೆ. ಒಬ್ರೂ ಕೇಳಲಿಲ್ರಿ. ಕರಡಿ ನೆಕ್ಕಿದ್ದೇ ನೆಕ್ಕಿದ್ದು, ಇವರು ಫೋಟೋ ಹೊಡ್ಕೊಂಡ್ರು. ಕೈ ಚಪ್ಪಾಳಿ ಬಡದ್ರು ನನಗ. ಅವತ್ತಿಂದ ನಿದ್ದಿ ಬಂದಿಲ್ಲ ಸರ್. ನಾನು ಹೇಳಿದ್ದನ್ನೆಲ್ಲ ನಂಬ್ತಾರ್ರಿ ಅವರು. ನೀವು ಬಂದು ಹಿಂದಿನ ಬೆಂಚಿನ್ಯಾಗ ಕುಂದ್ರಿ. ನಾ ಪಾಠ ಮಾಡ್ತೀನಿ, ನೀವು ತಪ್ಪು ಹುಡುಕಿ ಕೇಳ್ರಿ. ಹೆಂಗ ಅನುಮಾನ ಪಡಬೇಕು ಅನ್ನೋದನ್ನ ಅವರು ಒಮ್ಮೆರ ನೋಡ್ಲಿ."

"ನೋಡೋಣ" ಎಂದಷ್ಟೇ ಹೇಳಿ ಫೋನಿಟ್ಟೆ.

ಗ್ರಾಂಥಿಕ ಬಿಟ್ಟು ತನ್ನ ಮಾತಿಗೆ ಇಳಿದಳು ಎಂದರೆ ನಿಜವನ್ನೇ ಹೇಳಿದಳೆಂದು ಒಂದು ಮನಸ್ಸು. ಆದರೆ ಅವಳು ಗ್ರಾಂಥಿಕ ಆಡಿದರೆ ನಾನು ಕಿವಿ ನಿಮಿರಿಸುತ್ತೇನೆ, ತನ್ನ ಮಾತು ಆಡಿದರೆ ಕರಗುತ್ತೇನೆ ಎನ್ನುವುದು ಅವಳಿಗೆ ಗೊತ್ತಿಲ್ಲವೆಂದು ನೀವು ನಂಬುತ್ತೀರಾ? ಎಲ್ಲಿ ಹಚ್ಚಬೇಕೆಂದು ಕಲಿತವಳು ಅವಳು. ಕಲಿಸಿದವನು ನಾನು.

ಕಟ್ಟೆಯ ಮೇಲೆ ನಿನ್ನೆಯ ಲೋಟ ಹಾಗೇ ಇತ್ತು. ಬೆಲ್ಲ ಪೂರ್ತಿ ಕರಗಿ ನೀರು ಚಹಾ ಬಣ್ಣಕ್ಕೆ ತಿರುಗಿತ್ತು, ತಳ ಸ್ವಚ್ಛವಾಗಿತ್ತೋ ಇಲ್ಲವೋ ನೋಡಲಿಲ್ಲ. ಪೊಟ್ಟಣದಿಂದ ದೊಡ್ಡದೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ನಿಧಾನಕ್ಕೆ ಕರಗಿತು. ಕಬ್ಬಿನ ಹೊಗೆಯ ವಾಸನೆಯಿತ್ತು, ಕೊನೆಯಲ್ಲಿ ಒಂದಿಷ್ಟು ಉಪ್ಪು ಉಪ್ಪು. ಬೆರಳನ್ನೂ ನೆಕ್ಕಿದೆ.

ಕಪಾಟಿನಿಂದ ಹಳೆಯ ಹೆಗಲುಚೀಲ ಇಳಿಸಿ ಧೂಳು ಕೊಡವುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಚೀಲ ನೋಡಿದಳು, ಕಟ್ಟೆಯ ಮೇಲಿನ ಬೆಲ್ಲ ನೋಡಿದಳು, ನನ್ನ ಬೆರಳು ನೋಡಿದಳು.

"ಹೊಂಟ್ತು ಕರಡಿ," ಎಂದಳು.